ಹಕಾರ ತೂಗುಹಾಕಿದ ಮೇಸ್ತ್ರಿ

1974ರ ಜುಲೈ ತಿಂಗಳ ಎರಡನೇ ಗುರುವಾರ ಬೆಳಗ್ಗೆ, ಕೊಳ್ಳೇಗಾಲದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಸೈಕಲ್ ಶಾಪ್ ನಡೆಸುತ್ತಿದ್ದ ಮೇಸ್ತ್ರಿಯೊಬ್ಬರು ತೀರಿಕೊಂಡರು. ಆ ದಿನವೂ ಅಂಗಡಿಯ ಮುಂದಿನ ತೊಲೆಗೆ ಹದಿನಾಲ್ಕು ಸೈಕಲ್ ಸೀಟುಗಳು ತೂಗುತ್ತಿದ್ದವು. ಹದಿನಾಲ್ಕೂ ಸರ್ಕಾರದ ಸೊತ್ತು. ಅವುಗಳ ಮೇಲೆ ಒಂದು ತಗಡಿನ ಬೋರ್ಡು. ಬೋರ್ಡಿನಲ್ಲಿ ‘ಹ’ ಎಂಬ ಒಂದೇ ಅಕ್ಷರ.

ನಾನು ಪತ್ರಿಕೆಗೆ ನಾಲ್ಕು ಸಾಲಿನ ಸುದ್ದಿ ಕಳಿಸಿದೆ. ಎರಡು ಸಾಲು ಅಚ್ಚಾಯಿತು. ಸೀಟುಗಳ ವಿಷಯ, ಅಕ್ಷರದ ವಿಷಯ ಬಿಟ್ಟುಹೋದವು. ಬಿಟ್ಟುಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆ ಅವರ ಹೆಸರನ್ನು ಅಚ್ಚು ಹಾಕಿಸಿ ಪಟ್ಟಪಾಡು ಸಾಕು. ಊರಿನವರು ಅವರನ್ನು ಬೂದಿ ಮೇಸ್ತ್ರಿ ಎನ್ನುತ್ತಿದ್ದರು. ಆ ಹೆಸರು ಬಂದ ಕಾರಣವನ್ನು ನಾನು ಅದರ ಮೇಲೆಯೇ ಕೂತು ತಿಳಿದುಕೊಂಡೆ.

ಅದು 1958. ಕೊಳ್ಳೇಗಾಲ ಮದರಾಸು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದು ಎರಡು ವರ್ಷ ತುಂಬಿರಲಿಲ್ಲ. ನಾನು ಯಳಂದೂರು ತಾಲ್ಲೂಕಿನ ಅಗರದವನು. ಮೈಸೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ನನ್ನ ಪಾಲಿಗೆ. ಮೂರಕ್ಕೂ ಸೈಕಲ್ಲೇ ಗತಿ. ಹನೂರಿಗೆ ಹೋಗುವಾಗ ಕೂತು ಹೋಗುತ್ತಿದ್ದೆ, ಬರುವಾಗ ಪೆಡಲಿನ ಮೇಲೆ ನಿಂತು ಬರುತ್ತಿದ್ದೆ. ಕೂರಲು ಆಗುತ್ತಿರಲಿಲ್ಲ.

ಮೇಸ್ತ್ರಿ ನೆಲದ ಮೇಲೆ ಕೂತು ಚಕ್ರದ ಕಡ್ಡಿ ಬಿಗಿಯುತ್ತಿದ್ದರು. ಒಳ್ಳೆಯ ಸೀಟು ಬೇಕು ಎಂದೆ. ಮೈಸೂರಿನ ಅಂಗಡಿಯೊಂದರ ಗಾಜಿನೊಳಗೆ ಕಂಡಿದ್ದ ಹಿತ್ತಾಳೆ ಮೊಳೆಯ ವಿಲಾಯಿತಿ ಚರ್ಮದ ಸೀಟನ್ನು ವರ್ಣಿಸಿದೆ. ಅದರ ಬೆಲೆಗೆ ನನ್ನ ಸೈಕಲ್ಲಿನ ಅರ್ಧ ಬರುತ್ತಿತ್ತು.

“ಯಾರ್ಗೆ ಸೀಟು?” ಎಂದರು, ತಲೆ ಎತ್ತದೆ.

“ನನಗೇ.”

“ನಿನ್ ಅಳತೆ ಎಷ್ಟು?”

“ಸೀಟಿಗೆ ಎಂಥ ಅಳತೆ?”

ಆಗ ತಲೆ ಎತ್ತಿದರು. “ಮೆಟ್ಟು ತಕಳ್ಳೋವಾಗ ಕಾಲ್ನ ಅಳತೆ ಕೊಡ್ತೀಯಲ್ಲ? ಕಾಲ್ಗಿಂತ ಕಡೆ ಆಗೋಯ್ತಾ ಇದು? ಬಾ, ಕುಂತ್ಕೊ.”

ಅಂಗಡಿಯ ಒಳಗೆ ಅಂಚು ಕಟ್ಟಿದ ಒಂದು ಹಲಗೆಯಿತ್ತು. ಅದರ ತುಂಬ ಜರಡಿ ಹಿಡಿದ ಒಲೆಯ ಬೂದಿ. ಅವರು ಬೂದಿಗೆ ನೀರು ಚಿಮುಕಿಸಿ, ಅಂಗೈಯಿಂದ ತಟ್ಟಿ ಮಟ್ಟ ಮಾಡಿ, ಮೇಲೆ ತೆಳುವಾದ ಹಳೇ ಪಂಚೆ ಹಾಸಿದರು. ನಾನು ಕೂತೆ. “ಎಕ್ಸಾಮ್ ಬರೆಯೋನಂಗೆ ಬಿಗೀಬ್ಯಾಡ, ಸೈಕಲ್ ತುಳಿಯೋನಂಗೆ ಬಗ್ಗು,” ಎಂದರು. ಬಗ್ಗಿದೆ. ಎದ್ದು ನೋಡಿದರೆ ಬೂದಿಯಲ್ಲಿ ಎರಡು ಗುಳಿ ಬಿದ್ದಿದ್ದವು. ಒಂದು ಪೊರಕೆ ಕಡ್ಡಿ ತೆಗೆದುಕೊಂಡು ಗುಳಿಯಿಂದ ಗುಳಿಗೆ ಇಟ್ಟು ಮುರಿದರು. ಅದರ ಮೇಲೆ ಬೆರಳಿಟ್ಟು “ಒಣ್ಣು, ರೆಂಡು” ಎಂದು ಎಣಿಸಿದರು. ಹುಡುಗುತನದಲ್ಲಿ ಸತ್ಯಮಂಗಲದ ಸೈಕಲ್ ಶಾಪಿನಲ್ಲಿ ಕೆಲಸ ಕಲಿತಿದ್ದರು. ಎಣಿಕೆ ಕೊನೆಯವರೆಗೂ ತಮಿಳಿನಲ್ಲೇ ಉಳಿಯಿತು. ಕಡ್ಡಿಯ ಉದ್ದಕ್ಕೆ ಎರಡು ಬೆರಳು ಸೇರಿಸಿದರೆ ಸೀಟಿನ ಅಗಲ. ಇದು ಅವರ ಶಾಸ್ತ್ರ.

“ಮನ್ಸ ಕೂರೋದು ಎರ್ಡು ಮೂಳೆ ಮ್ಯಾಲೆ ಕಣ್ಲಾ. ಮಿಕ್ಕಿದ್ದೆಲ್ಲ ಮಾಂಸದ ಜಂಬ.”

ನನಗೆ ಅವರು ಕೊಟ್ಟದ್ದು ಯಾರೋ ಬಿಸಾಡಿದ್ದ ಹಳೇ ಸೀಟು. ಚರ್ಮವನ್ನು ನೆನೆಸಿ, ಹಿಗ್ಗಿಸಿ, ನನ್ನ ಕಡ್ಡಿಯ ಅಳತೆಗೆ ಮತ್ತೆ ಮೊಳೆ ಹೊಡೆದಿದ್ದರು. ಮುಟ್ಟಿ ನೋಡಿದೆ, ಗಟ್ಟಿಯಾಗಿತ್ತು. ಕೊಳ್ಳೇಗಾಲ ರೇಷ್ಮೆಯ ಊರು. ಬೇರೆ ಶಾಪಿನವರು ರೇಷ್ಮೆ ವೇಸ್ಟು ತುಂಬಿ ದಿಂಬಿನಂಥ ಸೀಟು ಮಾಡಿಕೊಡುತ್ತಿದ್ದರು. ಅಂಥದ್ದು ಇಲ್ಲವೇ ಎಂದು ಕೇಳಿದೆ.

“ಮೆತ್ತಗಿರೋದು ಮೊದಲ್ನೇ ಮೈಲಿಗೆ. ಗಟ್ಟಿಗಿರೋದು ಕಡೇ ಮೈಲಿಗೆ. ನೀನು ಎಲ್ಲೀಗಂಟ ಓಗ್ಬೇಕು ಅದ ಏಳು.”

ಹನೂರಿಗೆ ಎಂದೆ. ಆ ಸೀಟು ಈಗಲೂ ನನ್ನ ಸೈಕಲ್ಲಿನಲ್ಲಿದೆ.

ಮುರಿದ ಕಡ್ಡಿಗಳನ್ನು ಅವರು ಎಸೆಯುತ್ತಿರಲಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಬಣ್ಣದ ನೂಲು ಸುತ್ತಿ ಸೂರಿನ ಗಳುಗಳ ಸಂದಿಗೆ ಸಿಕ್ಕಿಸುತ್ತಿದ್ದರು. ಯಾರ ಕಡ್ಡಿ ಯಾವುದೆಂದು ಅವರಿಗೆ ಮಾತ್ರ ಗೊತ್ತು. ಸಾಲಿನಲ್ಲಿ ಮೊದಲನೆಯದು, ಕೆಂಪು ನೂಲಿನದು, ಅವರದ್ದೇ. ಜಗಳ ಬಂದಾಗ ಸೂರು ತೋರಿಸಿ, “ಈ ಊರ ದೊಡ್ಡೋರ ಅಳತೆಯೆಲ್ಲ ನನ್ನತ್ರ ಅದೆ, ಉಸಾರು,” ಎನ್ನುತ್ತಿದ್ದರು. ಒಮ್ಮೆ ಅಕ್ಕಿ ಗಿರಣಿಯ ಯಜಮಾನರೊಬ್ಬರು ಬಂದು, ಬೆಲೆ ಎಷ್ಟಾದರೂ ಸರಿ, ಮೈಸೂರಿನ ಅದೇ ಹಿತ್ತಾಳೆ ಮೊಳೆಯ ಸೀಟು ತರಿಸಿಕೊಡು ಎಂದರು. ಮೇಸ್ತ್ರಿ ಕಡ್ಡಿ ಇಳಿಸಿ ನೋಡಿ, ಒಲ್ಲೆ ಎಂದರು.

“ದುಡ್ಡು ನಂದು ಕಣಯ್ಯ!”

“ದುಡ್ಡು ನಿಮ್ದೇ, ಮೂಳೆನೂ ನಿಮ್ದೇ. ಒಂದು ಕೇಳಿದ್ದ ಇನ್ನೊಂದು ಒಪ್ಪಲ್ಲ ಸೋಮಿ.”

ಯಳಂದೂರಿನಿಂದ ಒಬ್ಬ ನರ್ಸಮ್ಮ ಬಂದಿದ್ದರು. ಹಳ್ಳಿಗಳ ಹೆರಿಗೆಗೆ ಸೈಕಲ್ಲಿನಲ್ಲಿ ಹೋಗಿ ಸೋತಿದ್ದರು. ಹೆಂಗಸರಿಗೆ ಸೈಕಲ್ ಒಗ್ಗುವುದಿಲ್ಲ ಎಂದು ಅವರಿಗೆ ಮೇಲಿನವರು ಹೇಳಿದ್ದರಂತೆ. ಮೇಸ್ತ್ರಿ ಹೆಂಡತಿಯನ್ನು ಕರೆದು, ಬೂದಿಮಣೆಯನ್ನು ಒಳಗೆ ಕಳಿಸಿ, ತಾವು ಬೀದಿಗೆ ಬಂದು ನಿಂತರು. ಹೆಂಡತಿ ಕಡ್ಡಿ ತಂದುಕೊಟ್ಟರು. ಅಗಲವಾದ, ಮೂತಿ ಕುಳ್ಳಗಿನ ಸೀಟು ತಯಾರಾಯಿತು. “ಸೀಟು ಒಗ್ನಿಲ್ಲ ಅನ್ನಿ ಅವ್ವಾ. ಸೈಕಲ್ ಒಗ್ನಿಲ್ಲ ಅಂತ ಯಾವೋನಾದ್ರೂ ಅಂದ್ರೆ ನನ್ನತ್ರಕ್ಕೆ ಕಳಿಸಿ,” ಎಂದರು. ನರ್ಸಮ್ಮ ವರ್ಗವಾಗಿ ಹೋಗುವವರೆಗೂ ಸೈಕಲ್ಲಿನಲ್ಲೇ ಓಡಾಡಿದರು.

ಕನ್ನಡಕದ ಪರೀಕ್ಷೆ ಇದಕ್ಕಿಂತ ಕಠಿಣ. ಸೈಕಲ್ಲಿನವನಿಗೆ ನಮ್ಮ ಕಡೆ ಕಣ್ಣಿನ ಶತ್ರುಗಳು ಮೂರು: ಕಬ್ಬಿನ ಗಾಡಿ ಎಬ್ಬಿಸುವ ಧೂಳು, ಸಂಜೆಯ ನುಸಿ, ಸುಗ್ಗಿಯಲ್ಲಿ ಕಣದಿಂದ ಹಾರಿಬರುವ ಹೊಟ್ಟು. ಮೇಸ್ತ್ರಿ ಮಾರುತ್ತಿದ್ದದ್ದು ಸಂತೆಯಲ್ಲಿ ಸಿಗುವ ಅಗ್ಗದ, ನಂಬರಿಲ್ಲದ ಬಿಳಿ ಗಾಜಿನ ಕನ್ನಡಕ. ಅದರ ಎರಡು ಪಕ್ಕಕ್ಕೂ ಹಳೇ ಸೈಕಲ್ ಟ್ಯೂಬಿನ ಕಿವಿ ಹೊಲಿದಿರುತ್ತಿದ್ದರು. ಕೊಳ್ಳುವವನು ಅದನ್ನು ಹಾಕಿಕೊಂಡು ಹಿತ್ತಲಲ್ಲಿ ಗಾಳಿಗೆ ಎದುರಾಗಿ ನಿಲ್ಲಬೇಕು. ಅವರ ಹೆಂಡತಿ ಮೊರ ಹಿಡಿದು ಅವನ ಮುಖಕ್ಕೆ ರಾಗಿ ಹೊಟ್ಟು ತೂರುವರು. ಕಣ್ಣಲ್ಲಿ ನೀರು ಬಂದರೆ ಆ ಕನ್ನಡಕ ಅವನಿಗಲ್ಲ.

“ಇನ್ನೊಂದ್ ಮೊರ ತೂರ್ಲಾ?” ಎಂದು ಆಕೆ ಕೇಳುತ್ತಿದ್ದರು.

“ತೂರು, ತೂರು. ಮೊಕ ನೋಡ್ಬ್ಯಾಡ, ಕಣ್ಣ ನೋಡು,” ಎಂದು ಮೇಸ್ತ್ರಿ ಒಳಗಿನಿಂದ ಕೂಗುತ್ತಿದ್ದರು.

ಬಣ್ಣದ ಗಾಜು ಅವರಿಗೆ ಆಗದು. ಸಿನಿಮಾ ನೋಡಿ ಬಂದ ಪಡ್ಡೆಗಳು ಕಪ್ಪು ಕನ್ನಡಕ ಕೇಳಿದರೆ, “ಬಿಸಿಲ್ಗೆ ಟೋಪಿ, ಧೂಳ್ಗೆ ಕನ್ನಡಕ. ಎರ್ಡು ಕೆಲ್ಸನೂ ಒಬ್ನಿಗೇ ಕೊಟ್ರೆ ಎರ್ಡೂ ಕೆಡ್ತದೆ,” ಎಂದು ವಾಪಸು ಕಳಿಸುತ್ತಿದ್ದರು. ಹನೂರಿನಿಂದ ಆಚೆಗೆ ಬೆಟ್ಟದ ಕಡೆ ಹೋಗುವ ದಾರಿಯಲ್ಲಿ ಬಿಸಿಲು, ಮರದ ನೆರಳು, ಮತ್ತೆ ಬಿಸಿಲು. ಕಪ್ಪು ಗಾಜು ಹಾಕಿಕೊಂಡವನಿಗೆ ನೆರಳಿನಲ್ಲಿ ಹಳ್ಳ ಕಾಣುವುದಿಲ್ಲ ಎನ್ನುವುದು ಅವರ ವಾದ.

ಇನ್ನು 1964ರ ವಿಷಯ.

ಕೊಳ್ಳೇಗಾಲದಲ್ಲಿ ಒಂದು ಸರ್ಕಾರಿ ಕಚೇರಿಯಿತ್ತು. ಇಲಾಖೆಯ ಹೆಸರು ಬೇಡ. ಹಳ್ಳಿ ಹಳ್ಳಿ ಸುತ್ತುವ ಹದಿನಾಲ್ಕು ಜನ ಕೆಲಸಗಾರರು ಅಲ್ಲಿದ್ದರು. ಕಚೇರಿಯ ಮಾತಿನಲ್ಲಿ ಅವರು ‘ಫೀಲ್ಡ್ ಆಳುಗಳು’. ಅವರ ಸೈಕಲ್ ರಿಪೇರಿ ಕೆಲಸ ವರ್ಷದ ಕರಾರಿನ ಮೇಲೆ ಮೇಸ್ತ್ರಿಯದು. ಅಂಗಡಿ ನಡೆಯುತ್ತಿದ್ದದ್ದು ಮುಖ್ಯವಾಗಿ ಅದರಿಂದಲೇ. ಆ ವರ್ಷ ಮೇಲಿನಿಂದ ಈ ಹದಿನಾಲ್ಕು ಜನಕ್ಕೂ ಹೊಸ ಸೀಟು, ಕಪ್ಪು ಕನ್ನಡಕ, ಬೆಲ್ಲು ಬಂದವು. ಹಂಚುವ ಮುಂಚೆ ಸ್ಥಳೀಯ ಮೆಕ್ಯಾನಿಕ್ ಒಬ್ಬ ನೋಡಿ ಸರ್ಟಿಫಿಕೇಟ್ ಬರೆದುಕೊಡಬೇಕೆಂದು ನಿಯಮ. ಗುಮಾಸ್ತರು ಒಂದೊಂದು ಮಾದರಿ ಮತ್ತು ಒಂದು ಫಾರಂ ಕಳಿಸಿದರು.

ಮೇಸ್ತ್ರಿ ನಾಲ್ಕನೇ ಕ್ಲಾಸು ಓದಿದ್ದರು. ಕನ್ನಡವನ್ನು ಆಡಿದಂತೆಯೇ ಬರೆಯುತ್ತಿದ್ದರು. ಸೀಟಿನ ಮೇಲೆ ಕೂತು ಒಂದು ಸುತ್ತು ಹೊಡೆದು ಬಂದರು. ಕನ್ನಡಕ ಹಾಕಿಕೊಂಡು ಹೊಟ್ಟಿಗೆ ಮುಖ ಕೊಟ್ಟರು. ಆಮೇಲೆ ಫಾರಂ ತುಂಬಿದರು:

ಸೀಟು – ಆಳು.
ಕನ್ನಡಕ – ಆಳು.
ಬೆಲ್ಲು – ಪರವಾಗಿಲ್ಲ.

ನಮ್ಮ ಕಡೆಯವರಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ನಮ್ಮ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ. ಹೋಗು ಎನ್ನುವುದು ಓಗು, ಹಳ್ಳಿ ಎನ್ನುವುದು ಅಳ್ಳಿ, ಹಾಳು ಎನ್ನುವುದು ಆಳು. ಸೀಟು ಹಾಳು, ಕನ್ನಡಕ ಹಾಳು ಎಂದು ಅವರು ಬರೆದಿದ್ದರು. ಆದರೆ ಗುಮಾಸ್ತರು ದೂರದ ಪೇಟೆಯಿಂದ ವರ್ಗವಾಗಿ ಬಂದವರು. ಆಳು ಎಂದರೆ ಅವರಿಗೆ ಫೀಲ್ಡ್ ಆಳು. ಆಳುಗಳಿಗೆ ಸರಿ ಎಂದು ಮೇಸ್ತ್ರಿ ಬರೆದಿದ್ದಾನೆ ಎಂದುಕೊಂಡು, ಕೆಳಗೆ ‘ಫೀಲ್ಡ್ ಸಿಬ್ಬಂದಿಗೆ ಯೋಗ್ಯ’ ಎಂದು ಇಂಗ್ಲಿಷಿನಲ್ಲಿ ಟಿಪ್ಪಣಿ ಹಾಕಿ ಫೈಲು ಮೇಲಕ್ಕೆ ಕಳಿಸಿದರು. ಸೀಟು, ಕನ್ನಡಕ ಹಂಚಿದ್ದಾಯಿತು.

ಇಲ್ಲಿ ನನ್ನ ತಪ್ಪೂ ಇದೆ. ನಾನು ಆ ಟಿಪ್ಪಣಿ ನೋಡಿ ಸುದ್ದಿ ಕಳಿಸಿದೆ. ಹಳ್ಳಿ ಸುತ್ತುವ ನೌಕರರಿಗೆ ಹೊಸ ಸಲಕರಣೆ ಬಂದಿದೆ, ಕೊಳ್ಳೇಗಾಲದ ಅನುಭವಿ ಮೇಸ್ತ್ರಿಯೊಬ್ಬರು ಪರೀಕ್ಷಿಸಿ ‘ಆಳುಗಳಿಗೆ ಯೋಗ್ಯ’ ಎಂದಿದ್ದಾರೆ ಎಂದು ಹೆಸರು ಸಮೇತ ಬರೆದೆ. ಮೇಸ್ತ್ರಿಯ ಅಂಗಡಿ ಆ ಕಚೇರಿಯಿಂದ ಇನ್ನೂರು ಹೆಜ್ಜೆ. ಹೋಗಿ ಕೇಳಲಿಲ್ಲ.

ಸುದ್ದಿ ಅಚ್ಚಾದ ದಿನ ಅವರು ನಾನಿದ್ದ ಕಾಫಿ ಹೋಟೆಲಿಗೆ ಬಂದರು. ಕೈಯಲ್ಲಿ ಪೇಪರಿತ್ತು.

“ಲೇ ಪೇಪರ್ರು, ಇದ ಬರ್ದೋನು ನೀನೇ ಏನ್ಲಾ?”

“ಹೌದು ಮೇಸ್ತ್ರಿ.”

“ನನ್ ಬೂದಿ ಮ್ಯಾಲೆ ಕುಂತೆದ್ದೋನು ನೀನು. ನಾನು ಆ ಸೀಟ್ನ ಸೈ ಅಂತೀನಾ?”

“ನೀವೇ ಆಳು ಅಂತ ಬರೆದಿದ್ದೀರಂತೆ.”

“ಊಂ ಬರ್ದಿವ್ನಿ. ಆಳು. ಕೆಟ್ಟೋದದ್ದು. ತಿಪ್ಪೆಗೆ ಆಕೋದು.” ಎದುರಿನ ಬೆಂಚಿನ ಮೇಲೆ ಕೂತರು. “ನಿನ್ಗೂ ತಿಳೀನಿಲ್ವಾ? ನೀನು ಎಲ್ಲಿಯೋನ್ಲಾ? ಅಗರದೋನಾ, ಲಂಡನ್ನೋನಾ?”

ನನಗೆ ಆಗ ತಿಳಿಯಿತು. ಅವರು ಕೂಗಾಡಲಿಲ್ಲ. ಪೇಪರನ್ನು ನಾಲ್ಕು ಮಡಿಕೆ ಮಾಡಿ ನನ್ನ ಲೋಟದ ಪಕ್ಕ ಇಟ್ಟರು. “ಇಪ್ಪತ್ತು ವರ್ಸದಲ್ಲಿ ಒಂದ್ ಕೆಟ್ಟ ಸೀಟ್ನ ನಾನು ಸೈ ಅಂದಿಲ್ಲ. ಇವತ್ತು ನನ್ ಎಸ್ರು ಆಕಿ ಅನ್ಸಿದೀರಿ. ತಿದ್ಸು. ಅವ್ರೂ ತಿದ್ಲಿ, ನೀನೂ ತಿದ್ದು,” ಎಂದರು. ಅಲ್ಲಿಂದ ಮುಂದೆ ಹತ್ತು ವರ್ಷ ಅವರು ಕೇಳಿದ್ದು ಇದೊಂದನ್ನೇ.

ನಾನು ಅಂದೇ ಅಂಚೆ ಕಚೇರಿಗೆ ಹೋಗಿ ಮೈಸೂರಿಗೆ ಟ್ರಂಕ್ ಕಾಲ್ ಹಾಕಿದೆ. ಲೈನು ಕೆಟ್ಟಿತ್ತು. ಉಪಸಂಪಾದಕರಿಗೆ ತಿದ್ದುಪಡಿಯನ್ನು ಕೂಗಿ ಹೇಳಿದೆ. ನಾನು ಬರೆಯುವಾಗ ಹಕಾರ ಬರುತ್ತದೆ, ಕೂಗುವಾಗ ಬರುವುದಿಲ್ಲ. ಮರುದಿನ ಐದನೇ ಪುಟದ ಮೂಲೆಯಲ್ಲಿ ಹೀಗಿತ್ತು:

‘ತಿದ್ದುಪಡಿ: ಕೊಳ್ಳೇಗಾಲದ ವರದಿಯಲ್ಲಿ “ಆಳು” ಎಂದು ಇರುವುದನ್ನು “ಆಳು” ಎಂದು ಓದಿಕೊಳ್ಳಬೇಕಾಗಿ ವಿನಂತಿ.’

ಮೇಸ್ತ್ರಿ ಅದನ್ನು ಎರಡು ಸಲ ಓದಿದರು. “ಈಗ ಸರಿಯಾಯ್ತು ಬುಡು,” ಎಂದರು. “ಓದ್ದೋರ್ಗೂ ನಮ್ಗೂ ಏನೂ ಯತ್ಯಾಸ ಇಲ್ಲ ಅಂತ ಊರ್ಗೆಲ್ಲ ಗೊತ್ತಾಯ್ತು.” ಇನ್ನೊಂದು ತಿದ್ದುಪಡಿ ಹಾಕಲು ಸಂಪಾದಕರು ಒಪ್ಪಲಿಲ್ಲ. ತಿದ್ದುಪಡಿಗೆ ತಿದ್ದುಪಡಿ ಪತ್ರಿಕೆಯ ಪದ್ಧತಿಯಲ್ಲಿ ಇಲ್ಲ ಎಂದು ಬರೆದರು.

ಎರಡು ತಿಂಗಳ ಮೇಲೆ ಹನೂರಿನ ಕೆಲಸಗಾರನೊಬ್ಬ ಬೆಟ್ಟದ ದಾರಿಯಲ್ಲಿ ಬಿದ್ದ. ಮಧ್ಯಾಹ್ನ ನಾಲ್ಕು ಗಂಟೆ, ಮರಗಳ ನೆರಳು, ಕಣ್ಣಿಗೆ ಇಲಾಖೆಯ ಕಪ್ಪು ಕನ್ನಡಕ. ಮುಂದಿನ ಚಕ್ರ ಗಾಡಿ ಜಾಡಿಗೆ ಇಳಿಯಿತು. ಹೆಗಲ ಮೂಳೆ ಮುರಿಯಿತು. ಅವನು ಆಸ್ಪತ್ರೆಯಲ್ಲಿ ಹೇಳಿದ್ದು, ಸೀಟು ಒತ್ತಿ ಉರಿಯುತ್ತಿದ್ದುದರಿಂದ ಒಂದು ಪಕ್ಕಕ್ಕೆ ವಾಲಿ ಕೂತಿದ್ದೆ, ಹಳ್ಳ ಕಾಣಲಿಲ್ಲ ಎಂದು. ವಿಚಾರಣೆಗೆ ಜಿಲ್ಲೆಯಿಂದ ಒಬ್ಬ ಸಾಹೇಬರು ಬಂದರು. ಸರ್ಟಿಫಿಕೇಟ್ ಕೊಟ್ಟವರು ಯಾರು ಎಂಬ ಪ್ರಶ್ನೆ ಬಂತು. ಮೇಸ್ತ್ರಿಯನ್ನು ಕರೆಸಿದರು.

ವಿಚಾರಣೆ ಕಚೇರಿಯ ಜಗಲಿಯಲ್ಲಿ ನಡೆಯಿತು. ನಾನು ಕಂಬದ ಪಕ್ಕ ನಿಂತು ಬರೆದುಕೊಂಡೆ. ಆ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ, ಕೆಳಗಿನದು ಅದರಿಂದ.

ಸಾಹೇಬರು ಫಾರಂ ಮುಂದಿಟ್ಟರು. “ಇದು ನಿಮ್ಮ ಕೈಬರಹವೇ?”

“ನಂದೇ ಸಾ.”

“ಓದಿ.”

“ಸೀಟು ಆಳು. ಕನ್ನಡಕ ಆಳು. ಬೆಲ್ಲು ಪರವಾಗಿಲ್ಲ.”

“ನಾವೂ ಅದನ್ನೇ ಓದಿದ್ದು. ಆಳುಗಳಿಗೆ ಸರಿ ಅಂತ.”

“ಆ ಆಳಲ್ಲ ಸಾ. ಆಳು! ಆಳಾಗೋಯ್ತು ಅಂತೀವಲ್ಲ, ಆ ಆಳು!”

“ಹಾಳೋ ಆಳೋ, ಸರಿಯಾಗಿ ಹೇಳಿ.”

“ಊಂ ಸಾ, ನೀವ್ ಅಂದ್ರಲ್ಲ, ಮೊದಲ್ನೇದು. ಆಳು.”

ಕೆಲಸಗಾರರು ನಕ್ಕರು. ಸಾಹೇಬರಿಗೂ ನಗು ಬಂತು. ಮೇಸ್ತ್ರಿ ನಗಲಿಲ್ಲ.

“ಸಾ, ಒಂದ್ ಮಾತು. ಮೂರೂ ಚೆಂದಾಗಿದ್ರೆ ಮೂರ್ಕೂ ಪರವಾಗಿಲ್ಲ ಅಂತ ಬರೀತಿದ್ದೆ. ಬೆಲ್ಲಿಗೊಂದು ಮಾತು, ಸೀಟಿಗೊಂದು ಮಾತು ಯಾಕ್ ಬರೀಲಿ? ಆಳ್ಗೆ ಸೀಟು ಸರಿ ಅಂದ್ಮೇಲೆ ಬೆಲ್ಲು ಯಾರ್ಗೆ ಸಾ, ದೊರೆಗಾ?”

ಸಾಹೇಬರು ಫಾರಂ ಇನ್ನೊಮ್ಮೆ ಓದಿದರು. ಅವರಿಗೆ ಅರ್ಥವಾಗಿತ್ತು. ಆದರೆ ಅಕ್ಷರ ತಿದ್ದಿದರೆ, ಕೆಟ್ಟದ್ದೆಂದು ಬರೆದುಕೊಟ್ಟ ಮೇಲೂ ಕಚೇರಿ ಹಂಚಿತು ಎಂದಾಗುತ್ತದೆ. ಅವರು ಧ್ವನಿ ತಗ್ಗಿಸಿ ಒಂದು ದಾರಿ ಹೇಳಿದರು. ‘ನಾನು ಕಾಗುಣಿತ ತಪ್ಪು ಬರೆದೆ, ಅದರಿಂದ ಗೊಂದಲವಾಯಿತು’ ಎಂದು ಒಂದು ಸಾಲು ಬರೆದುಕೊಡಿ. ಕ್ರಮ ಏನೂ ಇರುವುದಿಲ್ಲ. ರಿಪೇರಿ ಕರಾರು ಮುಂದಿನ ವರ್ಷಕ್ಕೂ ನಿಮಗೇ.

ಗುಮಾಸ್ತರು ಕಾಗದ, ಪೆನ್ನು ಮುಂದಿಟ್ಟರು. ಮೇಸ್ತ್ರಿ ಪೆನ್ನು ಮುಟ್ಟಲಿಲ್ಲ.

“ನಾ ತಪ್ಪು ಬರೀಲಿಲ್ಲ ಸಾ. ನೀವ್ ತಪ್ಪು ಓದಿದ್ರಿ.”

“ಕನ್ನಡದಲ್ಲಿ ಅದಕ್ಕೆ ಹಕಾರ ಇದೆ ಮೇಸ್ತ್ರಿ.”

“ನಿಮ್ ಕನ್ನಡದಲ್ಲಿ ಅದೆ. ನಾನು ಎಲ್ಲೂ ಓಗ್ನಿಲ್ಲ ಸಾ, ಇಲ್ಲೇ ಕುಂತಿವ್ನಿ. ಮೊದ್ಲು ಮದ್ರಾಸು ಸರ್ಕಾರ ಇತ್ತು, ಈಗ ನೀವ್ ಬಂದ್ರಿ. ಬಂದೋರು ಊರ್ನ ಓದೋದ ಕಲೀಬೇಕು. ಅನೂರೋನು ಬಿದ್ದವ್ನೆ, ಅವನ ಮೂಳೆ ಮುರುದದೆ. ನನ್ ಕಾಗುಣಿತದಿಂದ ಮುರೀನಿಲ್ಲ ಅದು, ನಿಮ್ ಸೀಟಿಂದ ಮುರೀತು. ಆ ಅಕ್ಸರ ನೀವೇ ಆಕಿ. ನಾ ಆಕಲ್ಲ.”

ಅವರು ಎದ್ದು ಬಂದರು. ಮುಂದಿನ ತಿಂಗಳು ಕರಾರು ಇನ್ನೊಂದು ಶಾಪಿಗೆ ಹೋಯಿತು.

ವಿಚಾರಣೆ ನಡೆದ ವಾರದ ಭಾನುವಾರ ಹದಿಮೂರು ಜನ ಕೆಲಸಗಾರರು ಒಟ್ಟಾಗಿ ಮೇಸ್ತ್ರಿಯ ಅಂಗಡಿಗೆ ಬಂದರು. ಯಾರೂ ಕಳಿಸಿರಲಿಲ್ಲ. ಹೆಗಲಿಗೆ ಕಟ್ಟು ಹಾಕಿಸಿಕೊಂಡಿದ್ದ ಹನೂರಿನವನ ಸೈಕಲ್ಲನ್ನು ಅವನ ತಮ್ಮ ತಳ್ಳಿಕೊಂಡು ಬಂದಿದ್ದ. ಹನೂರಿನವನು ಬಸ್ಸಿನಲ್ಲಿ ಬಂದು ಇಳಿದ. ಬೂದಿಮಣೆ ಬೀದಿಗೆ ಬಂತು. ಒಬ್ಬೊಬ್ಬರಾಗಿ ಕೂತರು. ಹನೂರಿನವನನ್ನು ಇಬ್ಬರು ಹಿಡಿದು ಕೂರಿಸಿದರು. ಸಂಜೆಯೊಳಗೆ ಹದಿನಾಲ್ಕು ಕಡ್ಡಿಗಳು ಸೂರಿಗೆ ಹೋದವು. ಹಳೇ ಸೀಟುಗಳನ್ನು ಅಳತೆಗೆ ತಂದು ಕೊಡಲು ಮೇಸ್ತ್ರಿಗೆ ಒಂದು ತಿಂಗಳು ಹಿಡಿಯಿತು. ಇಲಾಖೆಯ ಸೀಟುಗಳು ಅಂಗಡಿಯಲ್ಲಿ ಉಳಿದವು. ಕಪ್ಪು ಕನ್ನಡಕಗಳನ್ನು ಕೆಲಸಗಾರರು ಮದುವೆಗೆ ಹೋಗುವಾಗ ಹಾಕಿಕೊಳ್ಳಲು ಇಟ್ಟುಕೊಂಡರು.

ಸೀಟುಗಳನ್ನು ಮೇಸ್ತ್ರಿ ಮುಂದಿನ ತೊಲೆಗೆ ಸಾಲಾಗಿ ನೇತುಹಾಕಿದರು. ಸರ್ಕಾರಿ ಸೊತ್ತನ್ನು ವಾಪಸು ಮಾಡಬೇಕೆಂದು ಕಚೇರಿಯಿಂದ ಮೆಮೋ ಬಂತು. ತಂದ ಜವಾನನಿಗೆ ಅವರು ಬಾಯಿಮಾತಿನ ಉತ್ತರ ಕೊಟ್ಟರು.

“ತಕಂಡೋಗಪ್ಪ, ಬ್ಯಾಡ ಅಂದೋರ್ಯಾರು? ರಸೀದಿ ಕೊಡ್ಲಿ. ರಸೀದಿಲಿ ಸೀಟು ಆಳು ಅಂತ ಬರೀಲಿ. ಅವರ ಕನ್ನಡದಲ್ಲೇ ಬರೀಲಿ, ಆ ಅಕ್ಸರ ಆಕಿ.”

ರಸೀದಿ ಬರಲಿಲ್ಲ. ಅದೇ ವಾರ ಪೇಂಟರೊಬ್ಬನಿಂದ ‘ಹ’ ಎಂದು ಬರೆಸಿದ ಬೋರ್ಡು ಸೀಟುಗಳ ಮೇಲೆ ಬಂತು. ಇದೇನು ಮೇಸ್ತ್ರಿ ಎಂದು ಕೇಳಿದೆ.

“ಅವರ್ಗೆ ಒಂದ್ ಅಕ್ಸರ ಸಿಕ್ದೆ ಪೈಲು ನಿಂತದೆ. ಇಲ್ಲಿ ನೇತಾಕಿವ್ನಿ. ಬೇಕಾದೋರು ಬಂದು ತಕಂಡೋಗಿ ಆಕೊಳ್ಲಿ.”

ಅಂಗಡಿಗೆ ಅದೇ ಹೆಸರಾಯಿತು. ಊರಿನವರ ಬಾಯಲ್ಲಿ ‘ಹ ಶಾಪು’ ಎನ್ನುವುದು ‘ಆ ಶಾಪು’ ಆಯಿತು. ಬಸ್ಸಿಳಿದ ಹೊಸಬರು ಸೈಕಲ್ ಶಾಪು ಎಲ್ಲಿ ಎಂದರೆ, ಆ ಶಾಪು ಎನ್ನುವರು. ಯಾವ ಶಾಪು ಎಂದರೆ, ಅದೇ, ಆ ಶಾಪು ಎನ್ನುವರು. ಹೊಸಬರು ಬೋರ್ಡು ನೋಡುವವರೆಗೂ ಇದು ಮುಗಿಯುತ್ತಿರಲಿಲ್ಲ.

ಕರಾರು ಹೋದ ಮೇಲೆ ಅಂಗಡಿ ಸಣ್ಣದಾಯಿತು. ಬಾಡಿಗೆ ಸೈಕಲ್ಲುಗಳು ಎಂಟಿದ್ದವು, ಮೂರಾದವು. ಹೆಂಡತಿ ಬೆಳಗಿನ ಹೊತ್ತು ಪಕ್ಕದ ಬೀದಿಯ ರೇಷ್ಮೆ ಮಗ್ಗದವರ ಮನೆಗೆ ನೂಲು ಸುತ್ತಲು ಹೋಗುತ್ತಿದ್ದರು. ಬಣ್ಣದ ನೂಲಿನ ತುಂಡುಗಳು ಕಡ್ಡಿಗೆ ಸುತ್ತಲು ಅಲ್ಲಿಂದ ಬರುತ್ತಿದ್ದವು. ಒಮ್ಮೆ ಆಕೆಯೇ ನನ್ನೆದುರು ಕೇಳಿದರು, “ಒಂದ್ ಸಾಲು ಬರ್ಕೊಟ್ಟಿದ್ರೆ ನಿಮ್ ಕೈ ಏನ್ ಸೇದೋಗ್ತಿತ್ತಾ?” ಮೇಸ್ತ್ರಿ ಸೂರಿನ ಕಡೆ ಕೈ ತೋರಿಸಿದರು. “ಅದ್ರಲ್ಲಿ ಒಂದಾದ್ರೂ ಸುಳ್ಳು ಕಡ್ಡಿ ಅದಾ ನೋಡ್ಬುಟ್ಟು ಮಾತಾಡು.” ಆಕೆ ಮತ್ತೆ ಕೇಳಿದ್ದನ್ನು ನಾನು ಕಂಡಿಲ್ಲ.

ಕಚೇರಿಗೆ ಸಾಹೇಬರು ಬಂದರು, ಹೋದರು. ಪ್ರತಿಯೊಬ್ಬರೂ ಒಮ್ಮೆ ಫೈಲು ತೆಗೆದು ಮೆಮೋ ಕಳಿಸಿದರು. ಅವರಲ್ಲೊಬ್ಬರು ಸ್ವಂತಕ್ಕೆ ಸೈಕಲ್ ಇಟ್ಟುಕೊಂಡಿದ್ದವರು, ಒಂದು ಸಂಜೆ ಅಂಗಡಿಗೆ ಬಂದು ಬೂದಿಯ ಮೇಲೆ ಕೂತು ಅಳತೆ ಕೊಟ್ಟರು. ಒಳ್ಳೆಯ ಸೀಟು ಸಿಕ್ಕಿತು. ತುಂಬ ಹೊಗಳಿದರು. ಮರುದಿನ ಸೀಟು ವಾಪಸಿನ ಮೆಮೋಗೆ ಸಹಿ ಹಾಕಿದರು. ಆ ಮೆಮೋ ತಲುಪಿದಾಗ ಮೇಸ್ತ್ರಿ, “ಮೂಳೆ ಒಪ್ಪದೆ, ಕುರ್ಚಿ ಒಪ್ಪಲ್ಲ,” ಎಂದಷ್ಟೇ ಹೇಳಿದರು.

ಮಳೆಗಾಲಕ್ಕೆ ಮುಂಚೆ ಪ್ರತಿವರ್ಷ ಅಕ್ಷರಕ್ಕೆ ಹೊಸ ಬಣ್ಣ ಬಳಿಯುತ್ತಿದ್ದರು. ಸೀಟುಗಳಿಗೆ ಎಣ್ಣೆ ಹಚ್ಚುತ್ತಿದ್ದರು. ಹಾಳು ಸೀಟಿಗೆ ಎಣ್ಣೆ ಏಕೆ ಎಂದು ಕೇಳಿದ್ದಕ್ಕೆ, “ನನ್ನತ್ರ ಇದ್ದಾಗ ಆಳಾಯ್ತು ಅಂತ ನಾಳೆ ಬರೀಬಾರ್ದಲ್ಲ,” ಎಂದರು.

1974ರ ಜೂನ್ ಕೊನೆಯಲ್ಲಿ ನಾನು ನೋಡಲು ಹೋದಾಗ ಅವರು ಹಾಸಿಗೆ ಹಿಡಿದಿದ್ದರು. ಎದೆಯಲ್ಲಿ ನೀರು ಸೇರಿತ್ತು. ಗೋಡೆಗೆ ಒರಗಿ ಕೂತಿದ್ದರು.

“ಯಾರಾದ್ರೂ ಬಂದಿದ್ರಾ, ಅಕ್ಸರ ತಕಂಡೋಗಕ್ಕೆ?”

“ಇಲ್ಲ ಮೇಸ್ತ್ರಿ.”

“ಈ ಸಲ ಬಣ್ಣ ಬಳೀನಿಲ್ಲ. ನೀನ್ ಬಳ್ದುಬುಡು. ಬರಿಯೋಕೆ ಬತ್ತದಲ್ಲ ನಿನ್ಗೆ, ಕೂಗೋಕೆ ಬರ್ದಿದ್ರೂ.”

ನಾನು ಬಳಿದೆ. ಎರಡು ವಾರ ಕಳೆದು ಅವರು ತೀರಿಕೊಂಡರು.

ಅಂಗಡಿಯನ್ನು ಹೆಂಡತಿ ಮುಚ್ಚಲಿಲ್ಲ. ರಿಪೇರಿಗೆ ಒಬ್ಬ ಆಳನ್ನು ಇಟ್ಟುಕೊಂಡು, ಬೂದಿಮಣೆಯನ್ನೂ ಮೊರವನ್ನೂ ತಾವೇ ನೋಡಿಕೊಂಡರು.

1976ರ ಮಾರ್ಚ್‌ನಲ್ಲಿ ಆ ಕಚೇರಿ ಬೇರೆ ಕಟ್ಟಡಕ್ಕೆ ಹೋಗಬೇಕಾಯಿತು. ಹಳೇ ಸಾಮಾನಿನ ಲೆಕ್ಕ ಮುಗಿಸಲು ಒಬ್ಬ ಜವಾನನನ್ನು ಕೈಗಾಡಿಯೊಂದಿಗೆ ಅಂಗಡಿಗೆ ಕಳಿಸಿದರು. ಅವನ ಕೈಯಲ್ಲಿ ಟೈಪು ಮಾಡಿದ ರಸೀದಿಯಿತ್ತು. ಮೇಸ್ತ್ರಿಯ ಹೆಂಡತಿಗೆ ಓದು ಬಾರದು. ನನ್ನನ್ನು ಕರೆಸಿದರು.

“ಏನ್ ಬರ್ದವ್ರೆ, ಓದಿ.”

“‘ಹಾಳಾದ ಸೈಕಲ್ ಸೀಟುಗಳು, ಹದಿನಾಲ್ಕು, ಸ್ವೀಕರಿಸಿದೆ.’ ಕೆಳಗೆ ಸಹಿ, ಮೊಹರು.”

“ಆ ಅಕ್ಸರ ಅದಾ?”

“ಅದೆ.”

“ಬೆಳ್ಳಿಟ್ಟು ತೋರ್ಸಿ.”

ಬೆರಳಿಟ್ಟು ತೋರಿಸಿದೆ. ಆಕೆ ರಸೀದಿಯ ಅಕ್ಷರವನ್ನೂ ಮೇಲಿನ ಬೋರ್ಡನ್ನೂ ಎರಡು ಸಲ ನೋಡಿದರು. ಜವಾನ ಸೀಟುಗಳನ್ನು ಇಳಿಸಿ ಗಾಡಿಗೆ ತುಂಬಿದ. ಆಕೆ ಸ್ಟೂಲು ಹತ್ತಿ ಬೋರ್ಡು ಬಿಚ್ಚಿ, ಸೆರಗಿನಿಂದ ಒರೆಸಿ, ಸೀಟುಗಳ ಮೇಲೆ ಇಟ್ಟರು.

“ಇದ್ನೂ ತಕಂಡೋಗಪ್ಪ. ನಿಮ್ ಸಾಯೇಬ್ರು ಬುಟ್ಟೋಗಿದ್ರು.”

“ಇದು ಲಿಸ್ಟಲ್ಲಿ ಇಲ್ವಲ್ಲವ್ವಾ.”

“ಬರ್ಕೊ.”

ಜವಾನ ಜೇಬಿನಿಂದ ಪೆನ್ನು ತೆಗೆದು, ರಸೀದಿಯ ಕೆಳಗೆ ‘ತಗಡಿನ ಬೋರ್ಡು – ಒಂದು’ ಎಂದು ಸೇರಿಸಿದ.

ಏಪ್ರಿಲ್‌ನಲ್ಲಿ ಸೀಟುಗಳನ್ನು ಗುಜರಿಯವರು ಹರಾಜಿನಲ್ಲಿ ಕೊಂಡರು. ಬೋರ್ಡಿಗೆ ಕೂಗಿದವರಿಲ್ಲ. ಅದು ಹೊಸ ಕಟ್ಟಡದ ಸ್ಟೋರ್ ರೂಮಿನಲ್ಲಿ ಗೋಡೆಗೆ ಒರಗಿಕೊಂಡಿದೆ. ದಾಸ್ತಾನು ಪುಸ್ತಕದಲ್ಲಿ ಅದಕ್ಕೆ ನಂಬರು ಕೊಟ್ಟಿದ್ದಾರೆ. ರಸೀದಿ ಅಂಗಡಿಯ ಸೂರಿನಲ್ಲಿ, ಕೆಂಪು ನೂಲಿನ ಕಡ್ಡಿಗೆ ಸುತ್ತಿದೆ.